ಕಡಲಿಲ್ಲದ ನಾಡಿನ ಅಂಬಿಗ

ಮುದಿ ಬೆಸ್ತ ಎಂದೊಡನೆ ಸಾಹಿತ್ಯ ಓದಿದವರಿಗೆ ಮೊದಲು ನೆನಪಾಗುವವನು ಸಾಂಟಿಯಾಗೊ. ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೆ 1952ರಲ್ಲಿ ಪ್ರಕಟಿಸಿದ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಕಿರುಕಾದಂಬರಿಯ ನಾಯಕ ಅವನು. ಕ್ಯೂಬಾದ ಕಡಲಲ್ಲಿ 84 ದಿನ ಒಂದು ಮೀನೂ ಸಿಗದೆ ಬರಿಗೈಯಲ್ಲಿ ಮರಳಿದ ಆ ಮುದುಕ 85ನೆಯ ದಿನ ಮತ್ತೆ ದೋಣಿ ನೂಕುತ್ತಾನೆ. ತನ್ನ ದೋಣಿಗಿಂತ ಉದ್ದದ ಮೀನೊಂದನ್ನು ಸೆಣಸಿ ಹಿಡಿಯುತ್ತಾನೆ. ಆದರೆ ದಡ ಸೇರುವಷ್ಟರಲ್ಲಿ ಶಾರ್ಕ್‌ಗಳು ಅದನ್ನು ತಿಂದು ಎಲುಬಿನ ಹಂದರವನ್ನಷ್ಟೇ ಉಳಿಸಿರುತ್ತವೆ. ಹೆಮಿಂಗ್ವೆಗೆ 1954ರಲ್ಲಿ ನೊಬೆಲ್ ಬಂದ ಮೇಲೆ ಈ ಮುದುಕ ಮನುಷ್ಯನ ಛಲಕ್ಕೆ ಇನ್ನೊಂದು ಹೆಸರೇ ಆಗಿಬಿಟ್ಟ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಗೆ ಕಡಲಿಲ್ಲ. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಶಾರ್ಕ್ ಇಲ್ಲ, ದೋಣಿಯನ್ನು ಎಳೆದೊಯ್ಯುವಷ್ಟು ದೊಡ್ಡ ಮೀನೂ ಇಲ್ಲ. ಆದರೂ ಇಲ್ಲಿ ಮೀನು ಹಿಡಿದು ಬದುಕಿದವರ ಪರಂಪರೆ ಉಂಟು. ಅವರ ಹೋರಾಟ ಸಾಂಟಿಯಾಗೊನದಕ್ಕಿಂತ ಬೇರೆ ಬಗೆಯದು. ಕಡಲಿನವನಿಗೆ ಮೀನು ಸಿಗದಿರಬಹುದು; ನೀರಂತೂ ಎಲ್ಲಿಗೂ ಹೋಗುವುದಿಲ್ಲ. ಇಲ್ಲಿಯ ಅಂಬಿಗನಿಗೆ ಕೆಲವು ವರ್ಷ ನೀರೇ ಬರುವುದಿಲ್ಲ. ಬಂದರೆ ಕೆಲವೊಮ್ಮೆ ಮನೆಯೊಳಕ್ಕೇ ಬರುತ್ತದೆ.

ಕೆರೆಗಳ ಸೀಮೆ

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಇದು ಧಾರವಾಡ ಜಿಲ್ಲೆಯ ದಕ್ಷಿಣ ಭಾಗ. ಬ್ರಿಟಿಷರ ಕಾಲದಲ್ಲಿ ಶಿಗ್ಗಾವಿಯ ಪ್ರದೇಶ ಬಂಕಾಪುರ ತಾಲ್ಲೂಕೆಂದೂ ಹಿರೇಕೆರೂರಿನ ಪ್ರದೇಶ ಕೋಡ ತಾಲ್ಲೂಕೆಂದೂ ಕರೆಯಿಸಿಕೊಳ್ಳುತ್ತಿದ್ದವು. ಸವಣೂರು ನವಾಬರ ಸಂಸ್ಥಾನವಾಗಿತ್ತು. ಆಡಳಿತ ಹೀಗೆ ಹಂಚಿಹೋಗಿದ್ದರೂ ಇವನ್ನೆಲ್ಲ ಒಂದುಗೂಡಿಸಿದ್ದು ಕೆರೆ. ಹಿರೇಕೆರೂರು ಎಂಬ ಹೆಸರಿನಲ್ಲೇ ಹಿರಿಯ ಕೆರೆ ಇದೆ. ಕದಂಬರ ಒಂದು ಶಾಖೆ ಆಳಿದ ಹಾನಗಲ್ಲಿನಲ್ಲಿ ಆನೆಕೆರೆ ಇದೆ, ಸವಣೂರಿನಲ್ಲಿ ಮೋತಿ ತಲಾಬ ಇದೆ.

ಪಡುವಣದ ಹಾನಗಲ್ಲ ಮಲೆನಾಡಿನ ಸೆರಗು. ಮೂಡಲಿಗೆ ಸರಿದಂತೆ ಮಳೆ ಕಡಿಮೆಯಾಗುತ್ತ ಬಯಲುಸೀಮೆ ಶುರುವಾಗುತ್ತದೆ. ಸಾಗರದ ಬಳಿ ವರದಾಮೂಲದಲ್ಲಿ ಹುಟ್ಟುವ ವರದೆ ಹಾನಗಲ್ಲ, ಸವಣೂರು ಸೀಮೆಗಳನ್ನು ಹಾದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹಾನಗಲ್ಲಿನ ಹಲವು ಕೆರೆಗಳಿಗೆ ವರದೆಯ ಉಪನದಿ ಧರ್ಮೆಯ ಕಾಲುವೆಯೇ ಆಧಾರ. ಮಳೆಗಾಲದ ನಾಲ್ಕು ತಿಂಗಳ ನೀರನ್ನು ತಡೆದು ಹನ್ನೆರಡು ತಿಂಗಳು ಬದುಕುವುದೇ ಈ ಸೀಮೆಯ ಹಳೆಯ ವಿದ್ಯೆ. ರೈತನಿಗೆ ಕೆರೆ ಭತ್ತ ಕೊಟ್ಟರೆ ಅಂಬಿಗನಿಗೆ ಮೀನು ಕೊಟ್ಟಿತು.

ಆದರೆ ನೀರನ್ನು ಕಟ್ಟಿಹಾಕುವುದು ಸುಲಭವಲ್ಲ ಎಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. ಹಿರೇಕೆರೂರು ಸೀಮೆಯ ಮಾಸೂರಿನ ಬಳಿ ಕುಮುದ್ವತಿ ನದಿಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆಯ ನಡುವಿನ ಏರಿ 90 ಅಡಿಗೂ ಎತ್ತರ. ಅಂಥ ಕೆರೆಯೂ ಒಂದು ಪಕ್ಕದ ಏರಿ ಕೊಚ್ಚಿಹೋಗಿ ಕುಗ್ಗಿತು. ನೀರು ನಿಲ್ಲಲೆಂದು ಬಲಿಯಾದ ಕೆಂಚಮ್ಮನ ಕಥೆ ಈ ಕೆರೆಗೆ ಅಂಟಿಕೊಂಡಿದೆ. ನಿಸರ್ಗದ ಎದುರು ಮನುಷ್ಯ ಎಷ್ಟು ಅಂಜಿದ್ದ ಎಂಬುದನ್ನು ಆ ಕಥೆ ಹೇಳುತ್ತದೆ.

ತನ್ನ ಹೆಸರೇ ಅಂಕಿತ

ವರದೆಯೂ ಕುಮುದ್ವತಿಯೂ ಕೊನೆಗೆ ಸೇರುವುದು ತುಂಗಭದ್ರೆಯನ್ನೇ. ಅದೇ ತುಂಗಭದ್ರೆಯ ದಂಡೆಯಲ್ಲಿ, ಇದೇ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಚೌಡಯ್ಯದಾನಪುರ ಇದೆ. ಚಾಲುಕ್ಯ ಶೈಲಿಯ ಮುಕ್ತೇಶ್ವರ ದೇವಾಲಯ, ಅದರ ಮುಂದಿನ ಶಾಸನಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ಜನಸಾಮಾನ್ಯರಿಗೆ ಈ ಊರು ಪರಿಚಿತವಾಗಿರುವುದು ಒಬ್ಬ ಅಂಬಿಗನಿಂದ. ಊರಿಗೆ ಮೊದಲು ಶಿವಪುರ ಎಂಬ ಹೆಸರಿತ್ತು, ಗುತ್ತಲದ ಅರಸ ಅದನ್ನು ಚೌಡಯ್ಯನಿಗೆ ದಾನ ಕೊಟ್ಟ ಮೇಲೆ ಚೌಡಯ್ಯದಾನಪುರವಾಯಿತು ಎಂಬುದು ಜನರ ನಂಬಿಕೆ. ಹೊಳೆಯ ದಂಡೆಯಲ್ಲಿ ಅವನ ಐಕ್ಯಮಂಟಪವನ್ನೂ ತೋರಿಸುತ್ತಾರೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನಷ್ಟು ನಿಷ್ಠುರವಾಗಿ ಮಾತಾಡಿದವರು ಕಡಿಮೆ. ಅವನ ಹೆಸರಿನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ವಚನಗಳು ದೊರೆತಿವೆ. ಹೊಳೆ, ದೋಣಿ, ಸುಳಿ, ದಡ ಅವನ ವಚನಗಳಿಗೆ ಅನುಭವದಿಂದ ಬಂದ ಮಾತುಗಳು. ಬಾಯಲ್ಲಿ ಭಕ್ತಿ, ಬದುಕಿನಲ್ಲಿ ಕಪಟ ಇಟ್ಟುಕೊಂಡವರನ್ನು, ಅವರು ಯಾರೇ ಇರಲಿ, ಅವನು ಬಿಡಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬಹುಪಾಲು ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರು. ಬಸವಣ್ಣನಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಚೌಡಯ್ಯ ಮಾತ್ರ ತನ್ನ ಕಸುಬನ್ನೂ ತನ್ನ ಹೆಸರನ್ನೂ ಸೇರಿಸಿ ‘ಅಂಬಿಗರ ಚೌಡಯ್ಯ’ ಎಂದೇ ವಚನ ಮುಗಿಸಿದ. ಹುಟ್ಟಿನಿಂದ ಕೀಳೆಂದು ತಳ್ಳುತ್ತಿದ್ದ ಸಮಾಜದ ಎದುರು ಕಸುಬಿನ ಹೆಸರನ್ನೇ ರುಜುವಾಗಿ ಹಾಕುವುದು ಸಣ್ಣ ಧೈರ್ಯವಲ್ಲ. ಜನರನ್ನು ಹೊಳೆ ದಾಟಿಸುವ ಕೆಲಸಕ್ಕೆ ಘನತೆ ಇದೆ, ಅದನ್ನು ಬೇರೆಯವರು ಕೊಡಬೇಕಾಗಿಲ್ಲ ಎಂಬ ಮಾತು ಆ ಅಂಕಿತದಲ್ಲಿದೆ. ಪ್ರತಿ ವರ್ಷ ಜನವರಿ 21ರಂದು ರಾಜ್ಯದಲ್ಲಿ ಅವನ ಜಯಂತಿ ನಡೆಯುತ್ತದೆ.

ಹರಿಗೋಲಿನ ವಿದ್ಯೆ

ಅಂಬಿಗನ ಮುಖ್ಯ ಸಾಧನ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಅದನ್ನು ಕಂಡು ಬೆರಗಾಗಿ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು. ಅಂದಿನ ಆಕಾರ ಇಂದಿಗೂ ಉಳಿದಿದೆ. ಚರ್ಮದ ಜಾಗಕ್ಕೆ ಮಾತ್ರ ಡಾಂಬರು ಬಳಿದ ಗೋಣಿ, ಪ್ಲಾಸ್ಟಿಕ್ ಹಾಳೆ ಬಂದಿವೆ.

ಹರಿಗೋಲಿಗೆ ಮುಂದು ಹಿಂದು ಇಲ್ಲ. ಸುಮ್ಮನೆ ಹುಟ್ಟು ಹಾಕಿದರೆ ಅದು ಇದ್ದಲ್ಲೇ ತಿರುಗುತ್ತದೆ. ಹುಟ್ಟನ್ನು ಎದುರಿನ ನೀರಿಗೆ ಇಳಿಸಿ ತನ್ನತ್ತ ಎಳೆದುಕೊಳ್ಳಬೇಕು, ಮೈಭಾರವನ್ನು ಸರಿದೂಗಿಸಬೇಕು, ಸೆಳವಿನ ಓರೆಯನ್ನು ಅರಿಯಬೇಕು. ರಟ್ಟೆಯ ಬಲಕ್ಕಿಂತ ಅಂದಾಜು ಇಲ್ಲಿ ಹೆಚ್ಚು ಬೇಕು. ಆದ್ದರಿಂದಲೇ ಈ ಕಸುಬಿನಲ್ಲಿ ವಯಸ್ಸಾದವನು ಬೇಗ ಮೂಲೆಗುಂಪಾಗುವುದಿಲ್ಲ. ಗಾಳಿ ಯಾವ ದಿಕ್ಕಿಗಿದ್ದರೆ ಮೀನು ಯಾವ ದಂಡೆಗೆ ಬರುತ್ತದೆ, ಮಿರಗದ ಮಳೆಗೆ ಹೊಸ ನೀರು ನುಗ್ಗಿದಾಗ ಯಾವ ಕೋಡಿಯಲ್ಲಿ ಮೀನು ಹತ್ತುತ್ತದೆ, ಕೆರೆಯ ತಳದಲ್ಲಿ ಬಲೆ ಹರಿಯುವ ಮುಳ್ಳು ಎಲ್ಲಿದೆ ಎಂಬುದೆಲ್ಲ ಪುಸ್ತಕದಲ್ಲಿ ಸಿಗುವ ವಿಷಯವಲ್ಲ.

ಬರ, ನೆರೆ, ಬಲೆ

ಸೇತುವೆಗಳು ಬಂದ ಮೇಲೆ ಹೊಳೆ ದಾಟಿಸುವ ಕೆಲಸ ಹೋಯಿತು. ಉಳಿದದ್ದು ಬಲೆ. ಅದರ ಸ್ವರೂಪವೂ ಬದಲಾಯಿತು. ಕೆರೆಗಳಲ್ಲಿ ಈಗ ಸಾಕುವ ಕಟ್ಲಾ, ರೋಹು, ಮೃಗಾಲ ಹರಿವ ಹೊಳೆಯ ಮೀನುಗಳು. ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ವಿಜ್ಞಾನಿ ಹೀರಾಲಾಲ್ ಚೌಧರಿ ಅವರು 1957ರಲ್ಲಿ ಚುಚ್ಚುಮದ್ದಿನ ಮೂಲಕ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದ ಮೇಲೆ ದೇಶದ ಊರೂರ ಕೆರೆಗಳಿಗೆ ಮರಿ ಒದಗಿಸುವುದು ಸಾಧ್ಯವಾಯಿತು.

ಇದರಿಂದ ಲಾಭವೂ ಆಯಿತು, ಹೊಸ ಆತಂಕವೂ ಬಂತು. ಮೊದಲು ಕೆರೆಯ ಮೀನು ಮಳೆ ಕೊಟ್ಟದ್ದು. ಈಗ ಅದು ಹಣ ಹಾಕಿ ಬಿಟ್ಟದ್ದು. ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಪಡೆಯಬೇಕು, ಮರಿ ಕೊಳ್ಳಬೇಕು, ಅವು ಬೆಳೆಯುವ ತನಕ ನೀರು ಉಳಿಯಬೇಕು. ಮಳೆ ತಪ್ಪಿದರೆ ಬೆಳೆ ಉಳಿಸಿಕೊಳ್ಳಲು ರೈತರು ಕೆರೆಗೆ ಪಂಪು ಇಳಿಸುತ್ತಾರೆ. ಅವರನ್ನು ತಪ್ಪೆನ್ನುವುದೂ ಕಷ್ಟ. ನೀರು ಮೊಣಕಾಲಿಗೆ ಇಳಿದಾಗ ಸಣ್ಣದು ದೊಡ್ಡದೆನ್ನದೆ ಎಲ್ಲ ಮೀನನ್ನೂ ಒಮ್ಮೆಲೇ ಹಿಡಿದು ಸಿಕ್ಕ ಬೆಲೆಗೆ ಮಾರಬೇಕಾಗುತ್ತದೆ. 2023ರಲ್ಲಿ ಸರ್ಕಾರ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತು. ಅಂಥ ವರ್ಷದಲ್ಲಿ ಕೆರೆ ನಂಬಿದವನ ಪಾಡನ್ನು ಊಹಿಸಬಹುದು.

ಬರ ಒಂದು ಕಡೆಯಾದರೆ ನೆರೆ ಇನ್ನೊಂದು ಕಡೆ. 2019ರ ಆಗಸ್ಟ್‌ನಲ್ಲಿ ವರದೆ ಉಕ್ಕಿ ಹಾನಗಲ್ಲ, ಸವಣೂರು ತಾಲ್ಲೂಕುಗಳ ನದಿ ದಂಡೆಯ ಊರುಗಳಿಗೆ ನುಗ್ಗಿತು. ಕೋಡಿ ಬಿದ್ದ ಕೆರೆಯಿಂದ ಬಿಟ್ಟ ಮರಿಗಳೆಲ್ಲ ನೀರಿನ ಜತೆ ಹೊರಟುಹೋಗುತ್ತವೆ. ಹೀಗೆ ನೀರಿಲ್ಲದಿದ್ದರೂ ನಷ್ಟ, ಹೆಚ್ಚಾದರೂ ನಷ್ಟ.

ಇದರ ಜತೆ ಸಾಂಟಿಯಾಗೊನ ಶಾರ್ಕ್‌ಗಳಿಗೆ ಸಮನಾದದ್ದೂ ಕೆರೆಗಳಿಗೆ ಬಂದಿದೆ. ಅದು ಆಫ್ರಿಕನ್ ಕ್ಯಾಟ್‌ಫಿಶ್. ಕೇಂದ್ರ ಸರ್ಕಾರ 2000ರಲ್ಲೇ ಇದರ ಸಾಕಣೆಯನ್ನು ನಿಷೇಧಿಸಿದೆ. ಆದರೂ ದೇಶದಲ್ಲಿ ಕದ್ದು ಸಾಕುವುದು ನಿಂತಿಲ್ಲ. ಕೆರೆಗೆ ಹೊಕ್ಕರೆ ಬಿಟ್ಟ ಮರಿಯನ್ನೂ ನಾಡ ಮೀನನ್ನೂ ಅದು ಉಳಿಸುವುದಿಲ್ಲ.

ಉಳಿದಿರುವ ಪ್ರಶ್ನೆ

ವರದೆಯ ನೀರನ್ನು ಎತ್ತಿ ಕೆರೆ ತುಂಬಿಸುವ ಏತ ನೀರಾವರಿ ಯೋಜನೆಗಳು ಶಿಗ್ಗಾವಿ, ಸವಣೂರು ಕಡೆ ಬಂದಿವೆ. ಕೆರೆಗೆ ನೀರು ಬಂದರೆ ಮೀನಿಗೂ ಬಂದಂತೆ. ಆದರೆ ಯೋಜನೆ ರೂಪಿಸುವಾಗ ಕುಡಿಯುವ ನೀರು, ಬೆಳೆಯ ನೀರು ಲೆಕ್ಕಕ್ಕೆ ಬರುವಷ್ಟು ಮೀನಿನ ನೀರು ಬರುವುದಿಲ್ಲ. ಕೆರೆಯ ತಳದಲ್ಲಿ ಇಷ್ಟು ನೀರನ್ನು ಮೀನಿಗೆಂದು ಬಿಡಬೇಕೆಂಬ ಕಟ್ಟು ಊರಿನವರೇ ಮಾಡಿಕೊಂಡರೆ ಬೇಸಿಗೆಯ ಎರಡು ತಿಂಗಳು ದಾಟಿಸಬಹುದು.

ನಿಸರ್ಗದ ಎದುರು ಅಂಬಿಗ ಗೆದ್ದ ಎಂದು ಯಾವ ಶಾಸನವೂ ಹೇಳುವುದಿಲ್ಲ. ಏರಿ ಒಡೆದಿದೆ, ಹೊಳೆ ಬತ್ತಿದೆ, ಸೇತುವೆ ಬಂದು ಅರ್ಧ ಕಸುಬು ಹೋಗಿದೆ. ಆದರೂ ಮಿರಗದ ಮಳೆ ಹತ್ತಿರ ಬಂದಾಗ ಹರಿದ ಬಲೆಯನ್ನು ಮುಂದಿಟ್ಟುಕೊಂಡು ಕಣ್ಣಿಯ ಮೇಲೆ ಕಣ್ಣಿ ಹೆಣೆಯುವ ಹಿರಿಯರು ಈ ತಾಲ್ಲೂಕುಗಳ ಕೆರೆಯ ಊರುಗಳಲ್ಲಿ ಇದ್ದಾರೆ. ಕೆರೆ ತುಂಬುವುದೋ ಇಲ್ಲವೋ ಅವರಿಗೂ ತಿಳಿಯದು. ತುಂಬಿದ ದಿನ ಬಲೆ ಸಿದ್ಧವಿರಬೇಕು ಎಂಬುದಷ್ಟೇ ಅವರ ಲೆಕ್ಕ. ಆ ವಿದ್ಯೆ ಅವರ ಕೈಯಿಂದ ಮುಂದಿನವರ ಕೈಗೆ ದಾಟುತ್ತದೆಯೇ ಎಂಬುದು ಮಾತ್ರ ಅವರೊಬ್ಬರ ಛಲದಿಂದ ತೀರ್ಮಾನವಾಗುವ ವಿಷಯವಲ್ಲ. ಕೆರೆಯನ್ನು ಉಳಿಸಿಕೊಳ್ಳುವ ಊರಿನ ಮೇಲೂ ಅದು ನಿಂತಿದೆ.