ಚಾಲಕನಿಲ್ಲದ ಕಾರು: ಮರುಭೂಮಿ ರೇಸ್‌ನಲ್ಲಿ ಗೆದ್ದ ತಂತ್ರಜ್ಞಾನ ಟ್ಯಾಕ್ಸಿಯಾಗಲು 15 ವರ್ಷ ಹಿಡಿದಿದ್ದೇಕೆ?

2004ರ ಮಾರ್ಚ್ 13. ಅಮೆರಿಕದ ಮೊಜಾವೆ ಮರುಭೂಮಿಯಲ್ಲಿ ಒಂದು ವಿಚಿತ್ರ ರೇಸ್. ಅಂತಿಮ ಸುತ್ತಿಗೆ ಆಯ್ಕೆಯಾಗಿದ್ದ 15 ವಾಹನಗಳ ಪೈಕಿ ಒಂದರಲ್ಲೂ ಚಾಲಕನಿರಲಿಲ್ಲ. 142 ಮೈಲಿ, ಅಂದರೆ ಸುಮಾರು 228 ಕಿ.ಮೀ. ದೂರವನ್ನು ತಾನಾಗಿಯೇ ಕ್ರಮಿಸಿದ ವಾಹನಕ್ಕೆ 10 ಲಕ್ಷ ಡಾಲರ್ ಬಹುಮಾನ ಕೊಡುವುದಾಗಿ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಘೋಷಿಸಿತ್ತು. ಬಹುಮಾನ ಯಾರಿಗೂ ಸಿಗಲಿಲ್ಲ. ಎಲ್ಲಕ್ಕಿಂತ ಮುಂದೆ ಹೋಗಿದ್ದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಸ್ಯಾಂಡ್‌ಸ್ಟಾರ್ಮ್' ಕೂಡ 12 ಕಿ.ಮೀ. ಮುಟ್ಟುವ ಮೊದಲೇ ತಿರುವೊಂದರಲ್ಲಿ ಸಿಕ್ಕಿಹಾಕಿಕೊಂಡು ನಿಂತುಬಿಟ್ಟಿತು.

ಆದರೆ ಮುಂದಿನ ವರ್ಷವೇ ಚಿತ್ರಣ ಬದಲಾಯಿತು. 2005ರ ಅಕ್ಟೋಬರ್ 8ರಂದು ನಡೆದ ಎರಡನೇ ರೇಸ್‌ನಲ್ಲಿ ಐದು ವಾಹನಗಳು ಗುರಿ ತಲುಪಿದವು. ಸೆಬಾಸ್ಟಿಯನ್ ಥ್ರನ್ ನೇತೃತ್ವದ ಸ್ಟ್ಯಾನ್‌ಫರ್ಡ್ ತಂಡದ 'ಸ್ಟ್ಯಾನ್ಲಿ' ಸುಮಾರು 212 ಕಿ.ಮೀ. ದಾರಿಯನ್ನು 7 ಗಂಟೆಯೊಳಗೆ ಮುಗಿಸಿ 20 ಲಕ್ಷ ಡಾಲರ್ ಗೆದ್ದಿತು. ಅದರ ಜಾಣತನ ಇದ್ದದ್ದು ಕಲಿಕೆಯಲ್ಲಿ. ಹತ್ತಿರದ ನೆಲ ಸಮತಟ್ಟಾಗಿದೆಯೇ ಎಂದು ಲೇಸರ್ ಕಿರಣದಿಂದ ಅಳೆದು, ಅಂಥದ್ದೇ ನೆಲ ದೂರದಲ್ಲಿ ಎಲ್ಲಿದೆ ಎಂಬುದನ್ನು ಕ್ಯಾಮೆರಾ ಚಿತ್ರದಲ್ಲಿ ಗುರುತಿಸುವುದನ್ನು ಓಡುತ್ತಾ ಓಡುತ್ತಾ ಅದೇ ಕಲಿಯುತ್ತಿತ್ತು. 2007ರ ನವೆಂಬರ್‌ನಲ್ಲಿ ಮೂರನೇ ಸ್ಪರ್ಧೆ ನಡೆಯಿತು. ಈ ಬಾರಿ ಮರುಭೂಮಿಯಲ್ಲ, ಹಳೆಯ ವಾಯುನೆಲೆಯೊಂದರ ರಸ್ತೆಗಳು. ಬೇರೆ ವಾಹನಗಳ ನಡುವೆ, ಸಂಚಾರ ನಿಯಮ ಪಾಲಿಸಿಕೊಂಡು ಓಡಬೇಕಿತ್ತು. ಕಾರ್ನೆಗಿ ಮೆಲನ್‌ನ 'ಬಾಸ್' ಗೆದ್ದಿತು.

ಅಲ್ಲಿಗೆ ಸಮಸ್ಯೆ ಬಗೆಹರಿಯಿತು ಎಂದೇ ಅನೇಕರು ಭಾವಿಸಿದರು. 2009ರಲ್ಲಿ ಗೂಗಲ್ ಈ ಎರಡೂ ತಂಡಗಳ ಪ್ರಮುಖರನ್ನು ಕರೆತಂದು ಗುಟ್ಟಾಗಿ ಯೋಜನೆ ಶುರು ಮಾಡಿತು. 2015ರಲ್ಲಿ ದೃಷ್ಟಿಹೀನ ವ್ಯಕ್ತಿಯೊಬ್ಬರನ್ನು ಒಬ್ಬರೇ ಕೂರಿಸಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಕಾರು ಓಡಿಸಿಯೂ ಆಯಿತು. 2016ರ ಡಿಸೆಂಬರ್‌ನಲ್ಲಿ ಈ ಯೋಜನೆ 'ವೇಮೋ' ಎಂಬ ಪ್ರತ್ಯೇಕ ಕಂಪನಿಯಾಯಿತು. ಆದರೂ ಚಾಲಕನಿಲ್ಲದ ಟ್ಯಾಕ್ಸಿ ಸಾರ್ವಜನಿಕರಿಗೆ ಮುಕ್ತವಾಗಿದ್ದು 2020ರ ಅಕ್ಟೋಬರ್‌ನಲ್ಲಿ. ಅದೂ ಫೀನಿಕ್ಸ್ ನಗರದ ಹೊರವಲಯದ ಅಗಲವಾದ, ಮಳೆ ಕಡಿಮೆ ಇರುವ ರಸ್ತೆಗಳಲ್ಲಿ ಮಾತ್ರ.

ಒಮ್ಮೆ ಓಡುವುದು ಬೇರೆ, ದಿನಾ ಓಡುವುದು ಬೇರೆ

ರೇಸ್ ಗೆಲ್ಲಲು ಒಂದು ಸಲ ಸರಿಯಾಗಿ ಓಡಿದರೆ ಸಾಕು. ಟ್ಯಾಕ್ಸಿ ಲಕ್ಷಾಂತರ ಸಲ ಓಡಬೇಕು, ಒಂದು ಸಲವೂ ಜೀವ ತೆಗೆಯಬಾರದು. ಲೇನ್‌ನಲ್ಲಿ ನೇರ ಸಾಗುವುದು, ಕೆಂಪು ದೀಪಕ್ಕೆ ನಿಲ್ಲುವುದು ಇವೆಲ್ಲ ಬೇಗ ಕೈವಶವಾದವು. ಉಳಿದದ್ದು ಅಪರೂಪದ ಸಂದರ್ಭಗಳು: ರಸ್ತೆಗೆ ಬಿದ್ದ ಸೋಫಾ, ಕೈಸನ್ನೆ ಮಾಡುವ ಪೊಲೀಸ್, ಅಗ್ನಿಶಾಮಕ ದಳದವರು ಅಡ್ಡ ಹಾಸಿದ ನೀರಿನ ಪೈಪು. ಒಂದೊಂದೂ ಅಪರೂಪವೇ. ಆದರೆ ಸಾವಿರ ಬಗೆಯ ಅಪರೂಪಗಳು ಸೇರಿದರೆ ಅದು ನಿತ್ಯದ ಮಾತು.

ಸುರಕ್ಷಿತ ಎಂದು ಸಾಬೀತು ಮಾಡುವುದು ಇನ್ನೂ ಕಷ್ಟ. ಅಮೆರಿಕದಲ್ಲಿ ಮನುಷ್ಯರು ಓಡಿಸುವ ವಾಹನಗಳಿಂದ 10 ಕೋಟಿ ಮೈಲಿಗೆ ಸರಾಸರಿ ಒಂದು ಸಾವು ಸಂಭವಿಸುತ್ತದೆ. ಯಂತ್ರ ಅದಕ್ಕಿಂತ ಕೆಟ್ಟದ್ದಲ್ಲ ಎಂದು ಅಂಕಿಅಂಶಗಳಿಂದ ತೋರಿಸಲು ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಿಸಬೇಕು ಎಂದು ರ‍್ಯಾಂಡ್ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತ್ತು. 100 ಕಾರುಗಳು ಹಗಲು ರಾತ್ರಿ, ವರ್ಷವಿಡೀ, ಗಂಟೆಗೆ 25 ಮೈಲಿ ವೇಗದಲ್ಲಿ ಓಡಿದರೂ ಇದಕ್ಕೆ 12 ವರ್ಷಕ್ಕೂ ಹೆಚ್ಚು ಬೇಕು. ನಡುವೆ ಸಾಫ್ಟ್‌ವೇರ್ ಬದಲಾದರೆ ಹಳೆಯ ಲೆಕ್ಕ ಎಷ್ಟು ಅನ್ವಯಿಸುತ್ತದೆ ಎಂಬ ಪ್ರಶ್ನೆ ಬೇರೆ.

ಟೆಂಪಿಯ ಆ 5.6 ಸೆಕೆಂಡ್

2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿ ನಗರದಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ 49 ವರ್ಷದ ಮಹಿಳೆಯೊಬ್ಬರು ಉಬರ್‌ನ ಪರೀಕ್ಷಾರ್ಥ ಸ್ವಯಂಚಾಲಿತ ಕಾರು ಡಿಕ್ಕಿ ಹೊಡೆದು ಸಾವನ್ನಪ್ಪಿದರು. ಸ್ವಯಂಚಾಲಿತ ವಾಹನದಿಂದ ಪಾದಚಾರಿ ಮೃತಪಟ್ಟ ಮೊದಲ ಪ್ರಕರಣ ಇದು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಹೊರಬಂದ ಸಂಗತಿಗಳು ಬೆಚ್ಚಿಬೀಳಿಸುವಂಥವು. ಕಾರಿಗೆ ಆ ಮಹಿಳೆ ಕಾಣಿಸಲಿಲ್ಲ ಎಂದಲ್ಲ. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಕಾಣಿಸಿದ್ದರು. ಆದರೆ ಮುಂದಿರುವುದು ವಾಹನವೋ, ಬೇರೇನೋ ವಸ್ತುವೋ, ಸೈಕಲ್ಲೋ ಎಂದು ತಂತ್ರಾಂಶ ಮತ್ತೆ ಮತ್ತೆ ನಿರ್ಧಾರ ಬದಲಿಸುತ್ತಿತ್ತು. ಹಾಗೆ ಬದಲಿಸಿದಾಗಲೆಲ್ಲ ಅವರು ಯಾವ ಕಡೆ ಸಾಗುತ್ತಿದ್ದಾರೆ ಎಂಬ ಹಿಂದಿನ ಲೆಕ್ಕ ಅಳಿಸಿಹೋಗುತ್ತಿತ್ತು. ಜೀಬ್ರಾ ಕ್ರಾಸಿಂಗ್ ಇಲ್ಲದ ಕಡೆ ಜನ ರಸ್ತೆ ದಾಟಬಹುದು ಎಂಬ ಕಲ್ಪನೆಯೇ ಆ ವ್ಯವಸ್ಥೆಯಲ್ಲಿ ಇರಲಿಲ್ಲ! ವೋಲ್ವೋ ಕಂಪನಿ ಕಾರಿನಲ್ಲೇ ಅಳವಡಿಸಿದ್ದ ತುರ್ತು ಬ್ರೇಕ್ ಸೌಲಭ್ಯವನ್ನು ಪರೀಕ್ಷೆಯ ವೇಳೆ ಬಂದ್ ಮಾಡಲಾಗಿತ್ತು. ನಿಗಾ ವಹಿಸಬೇಕಿದ್ದ ಸಿಬ್ಬಂದಿಯ ಗಮನ ಮೊಬೈಲ್‌ನಲ್ಲಿತ್ತು. ಶಿಕ್ಷೆಯಾಗಿದ್ದೂ ಆ ಸಿಬ್ಬಂದಿಗೇ. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ದಾಖಲಾಗಲಿಲ್ಲ.

ಹಣ ಸುರಿದವರೂ ಹಿಂದೆ ಸರಿದರು

ಉಬರ್ 2020ರ ಡಿಸೆಂಬರ್‌ನಲ್ಲಿ ಈ ವಿಭಾಗವನ್ನು 'ಅರೋರಾ' ಕಂಪನಿಗೆ ಕೊಟ್ಟು ಕೈತೊಳೆದುಕೊಂಡಿತು. ಫೋರ್ಡ್ ಮತ್ತು ಫೋಕ್ಸ್‌ವ್ಯಾಗನ್ ಬೆಂಬಲವಿದ್ದ 'ಆರ್ಗೊ ಎಐ' 2022ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಜನರಲ್ ಮೋಟಾರ್ಸ್‌ನ 'ಕ್ರೂಸ್' ಕಥೆ ಇನ್ನೂ ದುಬಾರಿ. 2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇರೊಂದು ಕಾರು ಗುದ್ದಿ ಕ್ರೂಸ್ ಟ್ಯಾಕ್ಸಿ ಮುಂದೆ ಬಿದ್ದ ಮಹಿಳೆಯನ್ನು ಆ ಟ್ಯಾಕ್ಸಿ ಸುಮಾರು 20 ಅಡಿ ಎಳೆದೊಯ್ದಿತು. ಎಳೆದೊಯ್ದ ವಿಚಾರವನ್ನು ಅಧಿಕಾರಿಗಳಿಗೆ ಸರಿಯಾಗಿ ತಿಳಿಸಲಿಲ್ಲ ಎಂಬ ಆರೋಪ ಅಪಘಾತಕ್ಕಿಂತ ಹೆಚ್ಚು ಪೆಟ್ಟು ಕೊಟ್ಟಿತು. ಪರವಾನಗಿ ಅಮಾನತಾಯಿತು. 1,000 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿದ ಬಳಿಕ 2024ರ ಡಿಸೆಂಬರ್‌ನಲ್ಲಿ ಕಂಪನಿ ಟ್ಯಾಕ್ಸಿ ಯೋಜನೆಯನ್ನೇ ಕೈಬಿಟ್ಟಿತು.

ಉಳಿದುಕೊಂಡ ವೇಮೋ ಮಾಡಿದ್ದೇನು? ಕಾರು ಮಾರಲಿಲ್ಲ, ಸವಾರಿ ಮಾರಿತು. ಮೊದಲೇ ಸೂಕ್ಷ್ಮವಾಗಿ ನಕ್ಷೆ ಮಾಡಿಕೊಂಡ ಪ್ರದೇಶದ ಗಡಿ ದಾಟಲಿಲ್ಲ. ಕಾರಿಗೆ ದಿಕ್ಕು ತೋಚದಿದ್ದಾಗ ಸಲಹೆ ಕೊಡಲು ದೂರದಲ್ಲಿ ಸಿಬ್ಬಂದಿಯನ್ನು ಕೂರಿಸಿತು. 2025ರ ಏಪ್ರಿಲ್ ವೇಳೆಗೆ ವಾರಕ್ಕೆ ಎರಡೂವರೆ ಲಕ್ಷ ಸವಾರಿಗಳ ಮಟ್ಟಕ್ಕೆ ಬಂತು. ಟ್ರಕ್‌ಗಳತ್ತ ತಿರುಗಿದ ಅರೋರಾ 2025ರಲ್ಲಿ ಡಲ್ಲಾಸ್-ಹ್ಯೂಸ್ಟನ್ ನಡುವೆ ಚಾಲಕನಿಲ್ಲದ ಸಾಗಣೆ ಆರಂಭಿಸಿತು. ಆದರೆ ಕೆಲವೇ ವಾರಗಳಲ್ಲಿ ಟ್ರಕ್ ತಯಾರಕ ಕಂಪನಿಯ ಕೋರಿಕೆಯಂತೆ ಮತ್ತೆ ಒಬ್ಬರನ್ನು ಸೀಟಿನಲ್ಲಿ ಕೂರಿಸಬೇಕಾಯಿತು.

ಸುತ್ತಲಿನ ಜಾಗ ಹಿಡಿತದಲ್ಲಿದ್ದರೆ ಕೆಲಸ ಹಗುರ ಎಂಬುದಕ್ಕೆ ಬೇರೆ ಉದಾಹರಣೆಗಳಿವೆ. ಗೋದಾಮಿನಲ್ಲಿ ಸರಕು ಹೊರುವ ರೋಬೋಗಳ ಕಂಪನಿ 'ಕಿವಾ'ವನ್ನು ಅಮೆಜಾನ್ 2012ರಲ್ಲೇ 77.5 ಕೋಟಿ ಡಾಲರ್ ಕೊಟ್ಟು ಖರೀದಿಸಿತ್ತು. ದೆಹಲಿ ಕನ್ನಡಿಗರಿಗಂತೂ ಇದು ಹೊಸದಲ್ಲ. 2020ರ ಡಿಸೆಂಬರ್ 28ರಿಂದ ಅಲ್ಲಿನ ಮೆಟ್ರೋ ಮಜೆಂಟಾ ಮಾರ್ಗದಲ್ಲಿ ಚಾಲಕರಹಿತ ರೈಲು ಓಡುತ್ತಿದೆ. ಹಳಿಯ ಮೇಲೆ ದನ ಅಡ್ಡ ಬರುವುದಿಲ್ಲವಲ್ಲ!

ಭಾರತದಲ್ಲಿ ಎಲ್ಲಿಗೆ ಬಂದಿದೆ?

ನಮ್ಮ ರಸ್ತೆಗಳ ಸವಾಲು ಯಂತ್ರಕ್ಕೆ ಪಾಠ ಹೇಳುವಲ್ಲಿಂದಲೇ ಶುರು. ಯುರೋಪಿನ ರಸ್ತೆಗಳ ಚಿತ್ರಗಳಿಂದ ಕಲಿತ ಕಂಪ್ಯೂಟರ್‌ಗೆ ಆಟೋರಿಕ್ಷಾ ಎಂದರೇನೆಂದೇ ಗೊತ್ತಿರುವುದಿಲ್ಲ. ಇದಕ್ಕಾಗಿ ಹೈದರಾಬಾದ್‌ನ ಐಐಐಟಿ ನೇತೃತ್ವದಲ್ಲಿ ಹೈದರಾಬಾದ್ ಹಾಗೂ ಬೆಂಗಳೂರು ರಸ್ತೆಗಳ ಸುಮಾರು 10 ಸಾವಿರ ಚಿತ್ರಗಳ ಸಂಗ್ರಹವನ್ನು 2018ರಲ್ಲಿ ಸಿದ್ಧಪಡಿಸಲಾಯಿತು. ಆಟೋ, ಪ್ರಾಣಿಗಳು, ಟಾರು ಮುಗಿದ ಮೇಲೂ ವಾಹನ ಓಡಿಸಬಹುದಾದ ಮಣ್ಣಿನ ಅಂಚು ಎಲ್ಲಕ್ಕೂ ಅದರಲ್ಲಿ ಪ್ರತ್ಯೇಕ ಗುರುತುಗಳಿವೆ. ಹೈದರಾಬಾದ್ ಐಐಟಿಯ 'ತಿಹಾನ್' ಕೇಂದ್ರದಲ್ಲಿ 2022ರ ಜುಲೈನಲ್ಲಿ ಸ್ವಯಂಚಾಲಿತ ವಾಹನಗಳ ಪರೀಕ್ಷಾ ಅಂಗಳ ಉದ್ಘಾಟನೆಯಾಯಿತು. ಬೆಂಗಳೂರಿನಲ್ಲಿ ವಿಪ್ರೊ, ಐಐಎಸ್‌ಸಿ ಮತ್ತು ಆರ್.ವಿ. ಎಂಜಿನಿಯರಿಂಗ್ ಕಾಲೇಜು ಸೇರಿ ರೂಪಿಸಿದ ಕಾರಿನ ವಿಡಿಯೊ 2025ರ ಅಕ್ಟೋಬರ್‌ನಲ್ಲಿ ವೈರಲ್ ಆಗಿತ್ತು. ಅದು ಓಡಿದ್ದು ಕಾಲೇಜು ಆವರಣದಲ್ಲಿ. ಮೊಜಾವೆಯಿಂದ ಫೀನಿಕ್ಸ್‌ವರೆಗಿನ ದಾರಿ ನೆನೆದರೆ, ಆವರಣದ ಗೇಟು ದಾಟುವುದೇ ಮುಂದಿನ ದೊಡ್ಡ ಪರೀಕ್ಷೆ.

ಕಾನೂನು ಪೂರ್ತಿ ಬಾಗಿಲು ಮುಚ್ಚಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಸೆಕ್ಷನ್ 2ಬಿ ಪ್ರಕಾರ ಸಂಶೋಧನೆಗಾಗಿ ಕೆಲವು ಬಗೆಯ ವಾಹನಗಳಿಗೆ ಕೇಂದ್ರ ಸರ್ಕಾರ ವಿನಾಯಿತಿ ನೀಡಬಹುದು. ಆದರೆ ಇಂಥ ಕಾರುಗಳು ಬಂದರೆ 70ರಿಂದ 80 ಲಕ್ಷ ಚಾಲಕರು ಕೆಲಸ ಕಳೆದುಕೊಳ್ಳುತ್ತಾರೆ, ಹಾಗಾಗಿ ಅವಕಾಶ ಕೊಡುವುದಿಲ್ಲ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಹೇಳಿದ್ದರು. ಪುಣೆ, ಮುಂಬೈಗಳಲ್ಲಿ ಕ್ಯಾಬ್ ಓಡಿಸಿ ಸಂಸಾರ ಸಾಗಿಸುವವರ ದೃಷ್ಟಿಯಿಂದ ಅದು ತಳ್ಳಿಹಾಕುವ ಮಾತಲ್ಲ. ಇನ್ನೊಂದು ಬದಿಯಲ್ಲಿ, 2022ರೊಂದರಲ್ಲೇ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತಿದ್ದಾರೆ ಎಂಬ ಸರ್ಕಾರಿ ಅಂಕಿಅಂಶವೂ ಇದೆ.

ಸದ್ಯ ಇಲ್ಲಿನ ಶೋರೂಮ್‌ಗಳಲ್ಲಿ 'ಅಡಾಸ್' ಹೆಸರಿನಲ್ಲಿ ಮಾರಾಟವಾಗುತ್ತಿರುವ ಕಾರುಗಳು ಚಾಲಕರಹಿತ ವಾಹನಗಳಲ್ಲ. 0ಯಿಂದ 5ರವರೆಗಿನ ಅಂತಾರಾಷ್ಟ್ರೀಯ ಶ್ರೇಣಿಯಲ್ಲಿ ಅವು 2ನೇ ಹಂತದವರೆಗೆ ಬರುತ್ತವೆ. ಲೇನ್ ಹಿಡಿದು ಸಾಗುತ್ತವೆ, ಮುಂದಿನ ವಾಹನ ನಿಧಾನಿಸಿದರೆ ತಾವೂ ನಿಧಾನಿಸುತ್ತವೆ, ಅಪಾಯ ಕಂಡರೆ ಬ್ರೇಕ್ ಹಾಕುತ್ತವೆ. ವೇಮೋ ಟ್ಯಾಕ್ಸಿ 4ನೇ ಹಂತದ್ದು. 2ನೇ ಹಂತದಲ್ಲಿ ಕಣ್ಣು ರಸ್ತೆಯ ಮೇಲೆ, ಕೈ ಸ್ಟೀರಿಂಗ್ ಮೇಲೆ ಇರಲೇಬೇಕು. ಹೆಚ್ಚುಕಮ್ಮಿಯಾದರೆ ಹೊಣೆ ಡ್ರೈವರ್ ಸೀಟಿನಲ್ಲಿ ಕೂತವರದ್ದೇ.