ಚಿಗವ್ವನ ಶರಬತ್ತು

ನಮ್ಮ ಚಿಗವ್ವನನ್ನು ಇಂಡಿಯಿಂದ ಸಿಂದಗಿಗೆ ಕೊಟ್ಟದ್ದು 1989ರಲ್ಲಿ. ವರ್ಷ ತುಂಬುವುದರೊಳಗೆ ಬೆಳಗಿನ ಹೊತ್ತು ಅವಳಿಗೆ ಏನೋ ಆಗತೊಡಗಿತು. ರೊಟ್ಟಿ ಬಡಿಯುತ್ತಿದ್ದವಳು ಕೈ ನಡುಗಿ, ಬೆವೆತು, ಅರ್ಥವಿಲ್ಲದ್ದು ಮಾತಾಡಿ ಒರಗಿಬಿಡುವಳು. ಸೋಮವಾರದ ಉಪವಾಸದ ದಿನವಂತೂ ಇದು ತಪ್ಪುತ್ತಿರಲಿಲ್ಲ. "ಗಾಳಿ ಸೋಂಕೈತಿ" ಎಂದರು ಅತ್ತೆ. ಬಸವನ ಬಾಗೇವಾಡಿಯ ಬಸವಣ್ಣನಿಗೆ ಹರಕೆ ಹೊತ್ತರು. ಮುದ್ದೇಬಿಹಾಳದ ಕಡೆಯ ಮಂತ್ರಗಾರನೊಬ್ಬನನ್ನು ಕರೆಸಿದರು.

ಆ ದಿನ ನಮ್ಮ ಆಯಿ ಇಂಡಿಯ ಲಿಂಬೆಹಣ್ಣಿನ ಚೀಲ ಹಿಡಿದು ಹೋಗಿದ್ದಳು, ಜೊತೆಗೆ ನಾನು. ಮಂತ್ರಗಾರ ಅದರಲ್ಲೇ ಎರಡು ಹಣ್ಣು ನಿವಾಳಿಸಿ, ಕೊಯ್ದು ಎಸೆದ. ಆಯಿ ಇನ್ನೆರಡು ಹಿಂಡಿ, ಮುಷ್ಟಿ ಸಕ್ಕರೆ ಹಾಕಿ ಶರಬತ್ತು ಮಾಡಿ ಮಗಳ ತುಟಿಗೆ ಹಿಡಿದಳು. ಹತ್ತು ಮಿನಿಟಿನಲ್ಲಿ ಚಿಗವ್ವ ಎದ್ದು ಸೆರಗು ಸರಿಮಾಡಿಕೊಂಡಳು! ಐವತ್ತೊಂದು ರೂಪಾಯಿ ಸಂದದ್ದು ಮಂತ್ರಗಾರನಿಗೆ. ಆಯಿ ಮಾತ್ರ ದಾರಿಯಲ್ಲಿ, "ಸಕ್ಕರಿ ತಿಂದ್ರ ಬಿಡೂ ಗಾಳಿ ಎಂಥಾದ್ಬೇ ಇದು?" ಎಂದಳು.

ಆಯಿ ಕಂಡದ್ದನ್ನೇ ನ್ಯೂಯಾರ್ಕಿನ ಶಸ್ತ್ರವೈದ್ಯ ಆಲನ್ ವಿಪಲ್ 1930ರ ದಶಕದಲ್ಲಿ ಬರೆದಿಟ್ಟಿದ್ದ. ಹಸಿದಾಗ ಇಂಥ ತೊಂದರೆ, ಆಗ ರಕ್ತದಲ್ಲಿ ಸಕ್ಕರೆ 50 ಮಿಲಿಗ್ರಾಂಗಿಂತ ಕಡಿಮೆ, ಸಕ್ಕರೆ ಕೊಟ್ಟೊಡನೆ ಚೇತರಿಕೆ. ಈ ಮೂರೂ ಕೂಡಿದರೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನೋಮಾ ಎಂಬ ಗಂಟು ಇದೆಯೇ ಎಂದು ಹುಡುಕಬೇಕು. ಹೊಟ್ಟೆ ಖಾಲಿಯಿದ್ದರೂ ಅದು ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ವರಿಗೆ ಬರುವ ರೋಗ.

ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. 1927ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಇಂಥ ರೋಗಿಯೊಬ್ಬನ ಹೊಟ್ಟೆ ತೆರೆದರು. ಆತ ಸ್ವತಃ ವೈದ್ಯ. ಗಡ್ಡೆ ಆಗಲೇ ಯಕೃತ್ತಿಗೆ ಹರಡಿತ್ತು, ಉಳಿಯಲಿಲ್ಲ. ಗಂಟನ್ನು ತೆಗೆದು ರೋಗಿಯನ್ನು ಗುಣಪಡಿಸಿದವನು ರಾಸ್ಕೊ ಗ್ರಹಾಂ, 1929ರಲ್ಲಿ, ಅದೂ ಇನ್ಸುಲಿನ್ ಹುಟ್ಟಿದ ಟೊರಾಂಟೊದಲ್ಲೇ. ನಟ ಇರ್ಫಾನ್ ಖಾನ್ 2018ರಲ್ಲಿ ತಮಗಿದೆಯೆಂದು ತಿಳಿಸಿದ ನ್ಯೂರೋಎಂಡೋಕ್ರೈನ್ ಗಡ್ಡೆಗಳ ಕುಲಕ್ಕೇ ಇದೂ ಸೇರಿದ್ದು. ಅವರು 2020ರಲ್ಲಿ ತೀರಿಕೊಂಡಾಗ ನಾನು ಗಾಬರಿಯಾಗಿದ್ದೆ. ಆದರೆ ಕುಲ ಒಂದಾದರೂ ಗುಣ ಬೇರೆ. ಇನ್ಸುಲಿನೋಮಾಗಳಲ್ಲಿ ನೂರಕ್ಕೆ ತೊಂಬತ್ತು ಬೇರೆಡೆ ಹರಡುವುದಿಲ್ಲ.

ಇತ್ತ ಸಿಂದಗಿಯಲ್ಲಿ ಅಳಿಯನಿಗೆ ಎರಡನೇ ಮದುವೆಯ ಮಾತು ನಡೆದಿತ್ತು. ಚಿಗವ್ವನನ್ನು ತವರಿಗೆ ಕಳಿಸಿದ್ದರು. ಪದೇ ಪದೇ ತಿನ್ನುತ್ತಿದ್ದುದರಿಂದ ಮೈ ಬಂದಿತ್ತು. "ತವರಾಗ ಉಂಡು ದಪ್ಪಾಗ್ಯಾಳ, ರೋಗ ಎಲ್ಲೈತಿ?" ಎಂದು ಅದಕ್ಕೂ ಆಡಿಕೊಂಡರು.

1993ರಲ್ಲಿ ಆಯಿ ಹಟ ಹಿಡಿದು ಸೊಲ್ಲಾಪುರಕ್ಕೆ ಕರೆದೊಯ್ದಳು. ಎಚ್ಚರ ತಪ್ಪುತ್ತಿದ್ದಾಗಲೇ ರಕ್ತ ತೆಗೆದ ವೈದ್ಯರಿಗೆ ಸಕ್ಕರೆ 36 ಸಿಕ್ಕಿತು. ಮುಂಬೈಗೆ ಬರೆದುಕೊಟ್ಟರು. ಅಲ್ಲಿ ಮಾಡಿದ್ದು 72 ತಾಸಿನ ಉಪವಾಸದ ಪರೀಕ್ಷೆ! ಒಂದು ಸೋಮವಾರ ದಾಟಲಾರದವಳು ಹದಿನಾಲ್ಕನೇ ತಾಸಿಗೇ ಒರಗಿದಳು. ಸಕ್ಕರೆ ಪಾತಾಳಕ್ಕಿಳಿದಿದ್ದರೂ ಇನ್ಸುಲಿನ್ ತಗ್ಗಿರಲಿಲ್ಲ. ಸ್ಕ್ಯಾನಿನಲ್ಲಿ ಗಂಟು ಕಾಣಲಿಲ್ಲ. ಕೊನೆಗೆ ಹೊಟ್ಟೆ ತೆರೆದು, ಗ್ರಂಥಿಯನ್ನು ಬೆರಳುಗಳ ನಡುವೆ ಹಿಡಿದು ಇಂಚಿಂಚು ತಡವಿ ಹುಡುಕಿದರು. ಸಿಕ್ಕಿದ್ದು ಗಜ್ಜುಗದಷ್ಟು. ಸುತ್ತಲಿನ ಭಾಗಕ್ಕೆ ಪೆಟ್ಟಾಗದಂತೆ ಅದನ್ನಷ್ಟೇ ಬಿಡಿಸಿ ತೆಗೆದರು.

ಮರುವರ್ಷ ಅತ್ತೆ ಬಾಗೇವಾಡಿಯ ಹರಕೆ ತೀರಿಸಿದರು. ಚಿಗವ್ವ ಅಂದು ಸಂಜೆಯವರೆಗೆ ಉಪವಾಸವಿದ್ದಳು. ಆಯಿ ಮಾತ್ರ ಸೆರಗಿನ ತುದಿಗೆ ಬೆಲ್ಲದ ಚೂರು ಕಟ್ಟಿಕೊಂಡೇ ಬಂದಿದ್ದಳು.