ಕನ್ನಡ ದೂರದರ್ಶನದ ಮೊದಲ ನೆಲೆ: ಕಲಬುರಗಿ ಕೇಂದ್ರದ ಚರಿತ್ರೆ

ಕನ್ನಡನಾಡಿನಲ್ಲಿ ದೂರದರ್ಶನದ ಚರಿತ್ರೆಯನ್ನು ಹೇಳುವವರು ಅದನ್ನು 1981ನೆಯ ಇಸವಿಯ ನವೆಂಬರ್ 1ರಿಂದ, ಎಂದರೆ ಬೆಂಗಳೂರಿನಲ್ಲಿ ಪ್ರಸಾರ ಮೊದಲಾದ ದಿನದಿಂದ, ಆರಂಭಿಸುವುದು ವಾಡಿಕೆ. ರಾಜ್ಯೋತ್ಸವದ ದಿನವಾದ ಕಾರಣ ಆ ತಾರೀಖು ನೆನಪಿನಲ್ಲಿ ನಿಲ್ಲುವುದೂ ಸುಲಭ. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲೇ, 1977ರಲ್ಲಿ, ಕಲಬುರಗಿಯಲ್ಲಿ ದೂರದರ್ಶನ ಕೇಂದ್ರವು ಸ್ಥಾಪಿತವಾಗಿತ್ತು. ಅದಕ್ಕೂ ಎರಡು ವರ್ಷ ಹಿಂದೆ, 1975ರಲ್ಲಿ, ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗರು ಹೈದರಾಬಾದಿನಲ್ಲಿ ಸಿದ್ಧವಾದ ಕನ್ನಡ ಕಾರ್ಯಕ್ರಮಗಳನ್ನು ದಿನವೂ ನೋಡತೊಡಗಿದ್ದರು. ಒಂದು ಪ್ರಸಾರ ಕೇಂದ್ರವು ಸ್ಥಳೀಯವೆನಿಸಿಕೊಳ್ಳುವುದು ಅದರ ಗೋಪುರ ನಿಂತ ನೆಲದಿಂದಲೋ, ಅದರಲ್ಲಿ ಕೇಳಿಬರುವ ಮಾತಿನಿಂದಲೋ ಎಂಬ ಪ್ರಶ್ನೆಯನ್ನು ಈ ಚರಿತ್ರೆ ಮೊದಲಿನಿಂದ ಕೊನೆಯವರೆಗೂ ಎತ್ತುತ್ತ ಬರುತ್ತದೆ.

ಭಾರತದಲ್ಲಿ ದೂರದರ್ಶನವು ಮೂಲತಃ ನಗರದ ಕೂಸು. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗಾರ್ಥವಾಗಿ ತೊಡಗಿದ ಪ್ರಸಾರವು ಮುಂಬಯಿಯನ್ನು ಮುಟ್ಟಲು 1972ರ ಅಕ್ಟೋಬರ್ 2ರವರೆಗೆ ಕಾಯಬೇಕಾಯಿತು. ಕಲಕತ್ತೆ, ಮದರಾಸುಗಳ ಸರದಿ ಬಂದದ್ದು 1975ರ ಆಗಸ್ಟಿನಲ್ಲಿ. ಮೊದಲು ಮಹಾನಗರ, ಅನಂತರ ಪಟ್ಟಣ, ಉಳಿದರೆ ಹಳ್ಳಿ ಎಂಬ ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂದು ವಾದಿಸಿದವರು ವಿಕ್ರಮ ಸಾರಾಭಾಯಿ. ನೆಲದ ಮೇಲಿನ ಗೋಪುರಗಳನ್ನು ಒಂದೊಂದಾಗಿ ಕಟ್ಟುತ್ತ ಹೋದರೆ ದೂರದ ಹಳ್ಳಿಗೆ ದೂರದರ್ಶನ ತಲುಪಲು ದಶಕಗಳೇ ಬೇಕು. ಉಪಗ್ರಹಕ್ಕಾದರೋ ದೆಹಲಿಯೂ ಒಂದೇ, ಹಳ್ಳಿಯೂ ಒಂದೇ ಎಂಬುದು ಅವರ ವಾದದ ತಿರುಳು. ಅಮೆರಿಕದ ನಾಸಾ ಸಂಸ್ಥೆಯೊಡನೆ 1969ರ ಸೆಪ್ಟೆಂಬರಿನಲ್ಲಿ ಒಪ್ಪಂದವಾಯಿತು. ಅದರ ಫಲವನ್ನು ಕಾಣಲು ಸಾರಾಭಾಯಿ ಉಳಿಯಲಿಲ್ಲ. 1971ರ ಡಿಸೆಂಬರ್ 30ರಂದು ಅವರು ತೀರಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಬಾಹ್ಯಾಕಾಶ ಸಂಸ್ಥೆಯ ಹೊಣೆಯನ್ನು ಹೊತ್ತರು. ಅಹಮದಾಬಾದಿನಲ್ಲಿ ಯಶಪಾಲ್, ಏಕನಾಥ ಚಿಟ್ನಿಸ್ ಮೊದಲಾದವರು ಯೋಜನೆಯನ್ನು ಕಾರ್ಯಗತಗೊಳಿಸಿದರು.

ಇದೇ ಉಪಗ್ರಹ ಬೋಧಕ ದೂರದರ್ಶನ ಪ್ರಯೋಗ; ಸಂಕ್ಷೇಪವಾಗಿ 'ಸೈಟ್' ಎಂದು ಹೆಸರಾದದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ ಇದು ನಡೆಯಿತು. ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಿಕೊಳ್ಳಲಾಗಿತ್ತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಪೂರ್ವ ಆಫ್ರಿಕದ ನೆತ್ತಿಯ ಮೇಲೆ ನಿಂತ ಎ.ಟಿ.ಎಸ್.-6 ಎಂಬ ಉಪಗ್ರಹವು ಅಹಮದಾಬಾದು, ದೆಹಲಿ ಭೂಕೇಂದ್ರಗಳಿಂದ ಬಂದ ಚಿತ್ರವನ್ನು ನೇರವಾಗಿ ಹಳ್ಳಿಗಳತ್ತ ಇಳಿಸುತ್ತಿತ್ತು. ಹಳ್ಳಿಯ ಶಾಲೆಯಲ್ಲಿಯೋ ಪಂಚಾಯಿತಿಯ ಕಟ್ಟಡದಲ್ಲಿಯೋ ಒಂದು ದೂರದರ್ಶನ ಪೆಟ್ಟಿಗೆ. ಹೊರಗೆ ಕೋಳಿಗೂಡಿಗೆ ಬಳಸುವ ತೆರನ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಆಂಟೆನಾ. ಈ ಗ್ರಾಹಕ ಯಂತ್ರಗಳನ್ನು ತಯಾರಿಸಿದ್ದು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ. ಬೆಳಗಿನ ಒಂದೂವರೆ ಗಂಟೆ ಶಾಲಾಮಕ್ಕಳಿಗೆ ಮೀಸಲು; ಅದು ಹಿಂದಿ, ಒಡಿಯಾ, ತೆಲುಗು, ಕನ್ನಡ ಎಂಬ ನಾಲ್ಕು ಭಾಷೆಗಳಿಗೆ ಹಂಚಿಹೋಗಿತ್ತು. ಸಂಜೆಯ ಎರಡೂವರೆ ಗಂಟೆ ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬಯೋಜನೆ, ಮನರಂಜನೆ.

ಕಾರ್ಯಕ್ರಮಗಳ ತಯಾರಿಕೆಗೆಂದು ದೆಹಲಿ, ಕಟಕ್, ಹೈದರಾಬಾದುಗಳಲ್ಲಿ ಮೂರು ಮೂಲಕೇಂದ್ರಗಳು ಏರ್ಪಟ್ಟವು. ತೆಲುಗು ಕನ್ನಡಗಳೆರಡೂ ಹೈದರಾಬಾದಿನ ಪಾಲಿಗೆ ಬಂದವು. ಈ ಏರ್ಪಾಡು ಆಡಳಿತದ ಸೌಕರ್ಯದಿಂದ ಹುಟ್ಟಿದ್ದಿರಬಹುದು. ಚರಿತ್ರೆಯ ದೃಷ್ಟಿಯಿಂದ ಅದರಲ್ಲೊಂದು ವಿಚಿತ್ರವಾದ ತಿರುವು ಉಂಟು. ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದು ಸಂಸ್ಥಾನಕ್ಕೂ ಆ ಬಳಿಕ ಅದೇ ಹೆಸರಿನ ರಾಜ್ಯಕ್ಕೂ ಸೇರಿದ್ದವು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಕನ್ನಡಕ್ಕೆ ಅಧಿಕಾರದ ಸ್ಥಾನವನ್ನು ನಿರಾಕರಿಸಿದ್ದ ಆ ರಾಜಧಾನಿಯಿಂದಲೇ, ಏಕೀಕರಣವಾಗಿ ಹತ್ತೊಂಬತ್ತು ವರ್ಷಗಳ ಅನಂತರ, ಅದೇ ಜಿಲ್ಲೆಗಳ ಹಳ್ಳಿಗಳಿಗೆ ಕನ್ನಡದ ಚಿತ್ರವೂ ಮಾತೂ ಹೊರಟವು. ಹೊರನಾಡಿನ ಒಂದು ನಗರ ಕನ್ನಡದ ಹೊಸ ಮಾಧ್ಯಮವೊಂದಕ್ಕೆ ತೊಟ್ಟಿಲಾದದ್ದು ಹೀಗೆ.

ಆ ಕನ್ನಡ ಎಂತಹದಾಗಿರಬೇಕು ಎಂಬ ಪ್ರಶ್ನೆ ಕೂಡಲೇ ತಲೆದೋರಿತು. ಶಿಷ್ಟಭಾಷೆಯ 'ಬರುತ್ತಿದ್ದೇನೆ' ಎಂಬುದು ಆ ಸೀಮೆಯವರ ಬಾಯಲ್ಲಿ 'ಬರ್ಲಿಕತ್ತೀನಿ' ಆಗುತ್ತದೆ. ಎರೆಭೂಮಿಯ ಬಿಳಿಜೋಳ, ತೊಗರಿಗಳನ್ನು ಬೆಳೆಯುವ ಒಕ್ಕಲಿಗನಿಗೆ ಕಾವೇರಿ ಬಯಲಿನ ಗದ್ದೆಯ ಪಾಠದಿಂದ ಪ್ರಯೋಜನವಿಲ್ಲ. ಕವಿರಾಜಮಾರ್ಗ ರಚಿತವಾದ ರಾಷ್ಟ್ರಕೂಟರ ಆಸ್ಥಾನದ ರಾಜಧಾನಿ ಮಾನ್ಯಖೇಟ, ಎಂದರೆ ಇಂದಿನ ಮಳಖೇಡ, ಇದೇ ಕಲಬುರಗಿ ಜಿಲ್ಲೆಯಲ್ಲಿದೆ. ಕನ್ನಡದೊಳಗಿನ ದೇಶಭೇದಗಳ ಅರಿವು ಒಂಬತ್ತನೆಯ ಶತಮಾನದ ಆ ಗ್ರಂಥಕ್ಕೆ ಇತ್ತು. ಇಪ್ಪತ್ತನೆಯ ಶತಮಾನದ ಪ್ರಸಾರಕರು ಅದನ್ನು ಹೊಸದಾಗಿ ಕಲಿಯಬೇಕಾಯಿತು. ಇದಕ್ಕಿಂತಲೂ ದೊಡ್ಡ ತೊಡಕು ಸಂಜೆಯ ಅರ್ಧ ಗಂಟೆಯ ರಾಷ್ಟ್ರೀಯ ಕಾರ್ಯಕ್ರಮದ್ದು. ಅದು ಎಲ್ಲ ರಾಜ್ಯಗಳಿಗೂ ಹಿಂದಿಯಲ್ಲಿ ಬರುತ್ತಿತ್ತು. ಕರ್ನಾಟಕ, ಆಂಧ್ರ, ಒಡಿಶಾಗಳ ಹಳ್ಳಿಗರಿಗೆ ಅದು ಅರ್ಥವಾಗುತ್ತಿದ್ದುದು ಅತ್ಯಲ್ಪ. ಇಷ್ಟಾದರೂ ಪ್ರಯೋಗವು ವ್ಯರ್ಥವಾಯಿತೆನ್ನಲಾಗದು. ಓದುಬರಹ ತಿಳಿಯದವರೂ ಹೆಂಗಸರೂ ಆರೋಗ್ಯ, ಆಹಾರ ಮೊದಲಾದ ವಿಷಯಗಳಲ್ಲಿ ಹೆಚ್ಚಿನ ತಿಳಿವಳಿಕೆಯನ್ನು ಪಡೆದರೆಂದು ಅನಂತರದ ಸಮೀಕ್ಷೆಗಳು ತೋರಿಸಿಕೊಟ್ಟವು. ಪತ್ರಿಕೆಯಾಗಲಿ ಪುಸ್ತಕವಾಗಲಿ ಮುಟ್ಟಲಾರದ ಜನರನ್ನು ಈ ಮಾಧ್ಯಮವು ಮುಟ್ಟಿತೆಂಬುದು ಅದರ ಹಿರಿಮೆ.

ಒಪ್ಪಂದದ ಒಂದು ವರ್ಷ ಮುಗಿಯಿತು. ಉಪಗ್ರಹವನ್ನು ಅಮೆರಿಕದವರು ಹಿಂದಕ್ಕೆ ಸರಿಸಿಕೊಂಡರು. ಹಳ್ಳಿಗಳ ಪೆಟ್ಟಿಗೆಗಳು ಇದ್ದಲ್ಲಿಯೇ ಉಳಿದವು. ಅವುಗಳಲ್ಲಿ ಮೂಡುವ ಚಿತ್ರ ಮಾತ್ರ ಮಾಯವಾಯಿತು. ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಲೆಂದು ಪ್ರಯೋಗ ನಡೆದ ಪ್ರದೇಶಗಳಲ್ಲಿ ನೆಲದ ಮೇಲಿನ ಕೇಂದ್ರಗಳನ್ನು ಸ್ಥಾಪಿಸಲು ಸರ್ಕಾರ ನಿಶ್ಚಯಿಸಿತು. ಜಯಪುರ, ರಾಯಪುರ, ಮುಜಫ್ಫರಪುರ, ಸಂಬಲಪುರ, ಹೈದರಾಬಾದುಗಳ ಸಾಲಿನಲ್ಲಿ ಕಲಬುರಗಿಗೂ 1977ರಲ್ಲಿ ಸ್ಥಾನ ದೊರೆಯಿತು. ಹೀಗೆ ಕರ್ನಾಟಕದ ಮೊದಲ ದೂರದರ್ಶನ ಕೇಂದ್ರವು ಬೆಂಗಳೂರು, ಮೈಸೂರು, ಧಾರವಾಡಗಳನ್ನು ಬಿಟ್ಟು, ಹಿಂದುಳಿದುದೆಂದು ಎಲ್ಲರೂ ಹೇಳುತ್ತಿದ್ದ ಸೀಮೆಯಲ್ಲಿ ತಲೆಯೆತ್ತಿತು. ರೇಡಿಯೋವಿನ ಚರಿತ್ರೆಯಲ್ಲಿಯೂ ಇಂತಹುದೇ ಉದಾಹರಣೆ ಇದೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದರು. ಬೆಂಗಳೂರಿಗೆ ಆಕಾಶವಾಣಿ ಬಂದದ್ದು 1955ರಲ್ಲಿ.

ಆದರೆ ಬಂದ ಲಾಭದೊಡನೆ ಒಂದು ನಷ್ಟವೂ ಇತ್ತು. ಉಪಗ್ರಹದ ದೃಷ್ಟಿಗೆ ಮೂರು ಜಿಲ್ಲೆಗಳೂ ಒಂದೇ ಆಗಿದ್ದವು. ನೆಲದ ಗೋಪುರದ ಅಲೆಗಳಾದರೋ ದಿಗಂತವನ್ನು ಹೆಚ್ಚು ದಾಟಲಾರವು. ಕಲಬುರಗಿಯಿಂದ ನೂರೈವತ್ತು ಕಿಲೋಮೀಟರ್ ಆಸುಪಾಸಿನಷ್ಟು ದೂರದ ರಾಯಚೂರು, ವಿಜಯಪುರಗಳ ಹಳ್ಳಿಗಳು ತಾವು ಒಂದು ವರ್ಷ ಅನುಭವಿಸಿದ್ದನ್ನು ಕಳೆದುಕೊಂಡವು. ವಿಜ್ಞಾನವು ಒಮ್ಮೆ ಕೊಟ್ಟದ್ದನ್ನು ಆಡಳಿತವು ಉಳಿಸಿಕೊಡದಿದ್ದರೆ ಅದು ಕೊಡುಗೆಯಾಗಿ ನಿಲ್ಲುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಮುಂದಿನ ದಶಕವು ಗೋಪುರಗಳ ದಶಕ. 1982ರ ಆಗಸ್ಟ್ 15ರಂದು ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಯಿತು, ಬಣ್ಣವೂ ಬಂದಿತು. 1983ರಲ್ಲಿ ಇನ್ಸಾಟ್-1ಬಿ ಮೇಲೇರಿತು. 1984ರೊಂದರಲ್ಲಿಯೇ ದೇಶದಾದ್ಯಂತ ನೂರಕ್ಕೂ ಹೆಚ್ಚು ಹೊಸ ಟ್ರಾನ್ಸ್‌ಮಿಟರುಗಳು ನಿಂತವು. ಅವುಗಳಲ್ಲಿ ಬಹುಪಾಲು ದೆಹಲಿಯ ಪ್ರಸಾರವನ್ನು ಮರುಬಿತ್ತರಿಸುವ ಯಂತ್ರಗಳೇ ಹೊರತು, ಸ್ಥಳದ ಜನ ತಮ್ಮ ಮಾತನ್ನು ಹೇಳಲು ಅವುಗಳಲ್ಲಿ ಸ್ಟುಡಿಯೋ ಇರಲಿಲ್ಲ. ನೋಡುವವರು ಹೆಚ್ಚಿದರು, ಮಾತಾಡುವವರು ಹೆಚ್ಚಲಿಲ್ಲ. ಗುಜರಾತಿನ ಖೇಡಾ ಜಿಲ್ಲೆಯ ಪೀಜ್ ಎಂಬ ಊರಿನ ಕಥೆ ಇಲ್ಲಿ ನೆನೆಯತಕ್ಕದ್ದು. ಸೈಟ್ ಪ್ರಯೋಗದ ಕಾಲದಲ್ಲಿಯೇ ಹುಟ್ಟಿ, ಹಳ್ಳಿಗರ ಆಡುಮಾತಿನಲ್ಲಿ ಅವರ ಕೂಲಿ, ಜಾತಿ, ಹೈನುಗಾರಿಕೆಗಳ ಪ್ರಶ್ನೆಗಳನ್ನು ಎತ್ತಿಕೊಂಡ ಆ ಪುಟ್ಟ ಕೇಂದ್ರಕ್ಕೆ ಗ್ರಾಮೀಣ ಸಂಪರ್ಕಕ್ಕಾಗಿ ಯುನೆಸ್ಕೋದ ಪ್ರಶಸ್ತಿಯೂ ದೊರೆಯಿತು. ಆದರೂ 1985ರಲ್ಲಿ ಅದು ಮುಚ್ಚಿತು. ಅದರೊಡನೆ ಹೋಲಿಸಿದರೆ ಕಲಬುರಗಿ ಉಳಿದುಕೊಂಡದ್ದೇ ಒಂದು ಸಾಧನೆ.

ಕನ್ನಡಕ್ಕೆ ಪ್ರತ್ಯೇಕ ಉಪಗ್ರಹ ವಾಹಿನಿ ಬಂದದ್ದು 1994ರಲ್ಲಿ. ಅದು ಮುಂದೆ 'ಚಂದನ'ವೆಂದು ಹೆಸರಾಯಿತು. ಅದೇ ವರ್ಷ ಚೆನ್ನೈಯ ಸನ್ ಬಳಗವು 'ಉದಯ'ವನ್ನೂ, 2000ದಲ್ಲಿ ಹೈದರಾಬಾದಿನ ಈನಾಡು ಬಳಗವು 'ಈಟಿವಿ ಕನ್ನಡ'ವನ್ನೂ ಆರಂಭಿಸಿದವು. ಇಪ್ಪತ್ತೈದು ವರ್ಷಗಳ ಬಳಿಕ ಹೈದರಾಬಾದು ಮತ್ತೊಮ್ಮೆ ಕನ್ನಡಕ್ಕೆ ಪ್ರಸಾರವನ್ನು ಒದಗಿಸಿತು. ವ್ಯತ್ಯಾಸವಿಷ್ಟೆ: ಸೈಟ್ ಪ್ರಯೋಗದ ಕಣ್ಣು ಜೋಳದ ಹೊಲದ ಮೇಲಿತ್ತು, ಹೊಸ ವಾಹಿನಿಗಳ ಕಣ್ಣು ಜಾಹೀರಾತಿನ ಮಾರುಕಟ್ಟೆಯ ಮೇಲೆ ನೆಟ್ಟಿತು.

ಇತ್ತೀಚಿನ ಅಧ್ಯಾಯ 2021ರದು. ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ದೇಶಾದ್ಯಂತ ನಿಲ್ಲಿಸುವ ಕಾರ್ಯ ನಡೆಯುತ್ತಿದ್ದಾಗ ಕಲಬುರಗಿ ಕೇಂದ್ರವೇ ಮುಚ್ಚುವುದೆಂಬ ಸುದ್ದಿ ಹಬ್ಬಿತು. ಕೇಂದ್ರವು ಮುಚ್ಚುವುದಿಲ್ಲ, ಅದು ಕಾರ್ಯಕ್ರಮಗಳನ್ನು ತಯಾರಿಸುತ್ತಲೇ ಇದ್ದು, ಅವು ರಾಜ್ಯದ ಉಪಗ್ರಹ ವಾಹಿನಿಯಲ್ಲಿಯೂ ಅಂತರ್ಜಾಲದಲ್ಲಿಯೂ ಬರುವುವು ಎಂದು ಆ ಅಕ್ಟೋಬರಿನಲ್ಲಿ ಪ್ರಸಾರ ಭಾರತಿ ಸ್ಪಷ್ಟಪಡಿಸಿತು. ಆ ಮಾತಿನಂತೆ ನಡೆದರೆ ಚಕ್ರವು ಒಂದು ಸುತ್ತು ತಿರುಗಿದಂತಾಗುತ್ತದೆ. 1975ರಲ್ಲಿ ಕಲಬುರಗಿಗೆ ಚಿತ್ರ ಆಕಾಶದಿಂದ ಬರುತ್ತಿತ್ತು, ಮಾತು ಹೈದರಾಬಾದಿನದಾಗಿತ್ತು. ಈಗ ಚಿತ್ರ ಮತ್ತೆ ಆಕಾಶದಿಂದಲೇ ಬರುವುದಾದರೂ ಮಾತನ್ನು ಕಲಬುರಗಿಯೇ ಹೇಳಬಲ್ಲದು. ಆ ಸ್ಟುಡಿಯೋಕ್ಕೆ ಎಷ್ಟು ಸಿಬ್ಬಂದಿ, ಬೆಂಗಳೂರಿನ ವಾಹಿನಿಯಲ್ಲಿ ಅದಕ್ಕೆ ಎಷ್ಟು ಹೊತ್ತು ಎಂಬುದರ ಮೇಲೆ ಕೇಂದ್ರದ ಮುಂದಿನ ಬಾಳು ನಿಂತಿದೆ. ಕನ್ನಡದ ಅಭಿಮಾನಿಗಳು ಕೇಳಬೇಕಾದ ಲೆಕ್ಕ ಅದೇ.